ಶೋಕೇಸಿನ ಮಹಾರಾಜರು

ನಮ್ಮ ಸಾವಕಾರರು ಏನನ್ನಾದರೂ ಮುಚ್ಚಿಡಲು ಹೋದರೆ ಅದು ಊರಿಗೆಲ್ಲ ಕಾಣುವಂತಾಗುವುದು ಹೊಸದೇನಲ್ಲ. ಸೊಲ್ಲಾಪುರದ ಅವರ ಟವೆಲ್ ಪೇಢಿಯಲ್ಲಿ ಗುಮಾಸ್ತನಾಗಿ ಇಂಥವನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಈ ಸಲ ಅವರು ಸಿಕ್ಕಿಬಿದ್ದದ್ದು ಒಂದು ಪಿಂಗಾಣಿ ಗೊಂಬೆಯ ಕೈಗೆ.

ಹುಡುಕಿದವನು

ಪರದೇಶದ ಗಿರಾಕಿಯೊಬ್ಬ ಕಳಿಸಿದ ಕಾಣಿಕೆ ಅದು. ಉದ್ದ ಗಡ್ಡ, ಬಾಲವಿರುವ ತುಪ್ಪಳದ ಟೊಪ್ಪಿಗೆ, ಕೈಯಲ್ಲಿ ಬಂದೂಕು. ಕಾಡು ಬೆಟ್ಟ ದಾಟಿ ಹೊಸ ನಾಡು ಹುಡುಕಿದ ಶೂರನಂತೆ. ನಿಜದಲ್ಲಿ ಅದೊಂದು ಬಾಟಲಿ: ಶೂರನ ತಲೆಯೇ ಬಿರಡೆ, ಹೊಟ್ಟೆ ತುಂಬ ವಿಸ್ಕಿ. ಇದನ್ನು ಸಾವಕಾರರು ನನಗೊಬ್ಬನಿಗೇ ಹೇಳಿದ್ದರು, ಏಕೆಂದರೆ ಅವರು ನಮ್ಮ ಪೇಟೆಯ ವ್ಯಸನಮುಕ್ತಿ ಸಮಿತಿಯ ಅಧ್ಯಕ್ಷರು.

ಅದನ್ನು ಮನೆಯ ಶೋಕೇಸಿನಲ್ಲಿಟ್ಟು, ಬಂದವರಿಗೆಲ್ಲ ಶೂರನ ಕಥೆ ಹೇಳತೊಡಗಿದರು. ಹತ್ತಿರದ ಕುಂಭಾರಿ ಊರಿನ ಗಿರಾಕಿಯೊಬ್ಬ ಕೇಳಿದ, "ಅಲ್ಲಿ ಮೊದಲಿಂದ ಮಂದಿ ಇರಲಿಲ್ಲೇನ್ರಿ?"

"ಇದ್ರಲ್ಲ!"

"ಹಂಗಾದ್ರ ನಾನೂ ಇವತ್ತ ಬಸ್ಸಿನಾಗ ಬಂದು ಸೊಲ್ಲಾಪುರ ಹುಡುಕೀನಿ ತಗೋರಿ."

ಬಂದೂಕಿನ ಮಹಾರಾಜರು

ಆಮೇಲೆ ಕರಜಗಿಯಿಂದ ಸಾವಕಾರರ ಸೋದರತ್ತೆ ಬಂದರು. ಗಡ್ಡ ಕಂಡದ್ದೇ ಕೈಮುಗಿದು, "ಯಾವ ಮಹಾರಾಜರಪ್ಪಾ ಇವರು?" ಎಂದರು. ನಮ್ಮ ಕಡೆ ಸಾಧುಸಂತರನ್ನೂ ಮಹಾರಾಜರೆಂದೇ ಕರೆಯುತ್ತಾರೆ. ಸಾರಾಯಿ ಬಾಟಲಿ ಎನ್ನಲು ಅಧ್ಯಕ್ಷರಿಗೆ ಬಾಯಿ ಬರಲಿಲ್ಲ. "ಪರದೇಶದ ಮಹಾರಾಜರು, ಅತ್ತಿ" ಎಂದುಬಿಟ್ಟರು.

"ಮತ್ತ ಕೈಯಾಗ ಬಂದೂಕ ಯಾಕ?"

"ಅಲ್ಲಿ ಭಕ್ತರು ಭಾಳ ಗದ್ದಲ ಮಾಡ್ತಾರ."

ಅತ್ತೆ ತಲೆಯಾಡಿಸಿದರು. "ಗುರುವಾರ ಅಕ್ಕಲಕೋಟದ ಮಠದಾಗ ಭಕ್ತರ ಪಾಳಿ ನೋಡಿದ್ರ ಅಲ್ಲಿಗೂ ಒಂದ ಬೇಕು ನೋಡು."

ಅಂದಿನಿಂದ ಶೂರನಿಗೆ ಕುಂಕುಮ, ಊದಿನಕಡ್ಡಿ. ಸಾವಕಾರರು ಮಾತ್ರ ದಿನಾ ಊಟಕ್ಕೆ ಮೊದಲು ಬಾಗಿಲು ಹಾಕಿಕೊಂಡು ತಮ್ಮ ಖೋಕಲಾದ, ಅಂದರೆ ಕೆಮ್ಮಿನ, ಔಷಧ ಕುಡಿಯುತ್ತಿದ್ದರು. ಅವರು ಕೆಮ್ಮಿದ್ದನ್ನು ನಾನಂತೂ ಕೇಳಿಲ್ಲ.

ತೀರ್ಥ

ಸಮಿತಿಯ ಹೊಸ ಅಧ್ಯಕ್ಷರನ್ನು ಆರಿಸುವ ಸಭೆ ಸಾವಕಾರರ ಮನೆಯಲ್ಲೇ ಸೇರಿತು. ಇವರನ್ನು ಇಳಿಸಲೇಬೇಕೆಂದು ಸಮಿತಿಯ ಖಜಾಂಚಿ ಹಟ ಹಿಡಿದು ಬಂದಿದ್ದ. ಸಾವಕಾರರು ಮದ್ಯದ ಕೇಡಿನ ಬಗ್ಗೆ ಗಂಟಲು ಹರಿಯುವಂತೆ ಭಾಷಣ ಮಾಡುತ್ತಿರುವಾಗ ಅತ್ತೆ ಗೊಂಬೆ ಹಿಡಿದು ಒಳಗೆ ಬಂದರು. ಧೂಳು ಒರೆಸುವಾಗ ತಲೆ ಕೈಗೆ ಬಂದಿತ್ತಂತೆ.

"ಒಳಗ ತೀರ್ಥ ಅದ! ಕೈ ಮುಂದ ಮಾಡ್ರಿ."

ಎಲ್ಲರೂ ಭಕ್ತಿಯಿಂದ ಕುಡಿದರು. ಒಬ್ಬರೂ ಮುಖ ಕಿವಿಚಲಿಲ್ಲ. ಖಜಾಂಚಿ ಇನ್ನೊಮ್ಮೆ ಕೈ ಒಡ್ಡಿದ. ಸಾವಕಾರರು ಬೆವರುತ್ತ ನಿಂತಿದ್ದರು. ನನಗೆ ಅವರನ್ನು ನೋಡಿ ಕನಿಕರವಾಯಿತು, ನಗು ಅದಕ್ಕಿಂತ ಹೆಚ್ಚು ಬಂತು. ಅತ್ತೆ ಗೊಂಬೆಯ ಕೊರಳು ಮೂಸಿ ಹಿಗ್ಗಿದರು.

"ತಮ್ಮಾ, ಮಹಾರಾಜರ ಕೃಪಾ ನೋಡು! ನಿನ್ನ ಖೋಕಲಾದ ಔಷಧದ ವಾಸನಿನೇ ತೀರ್ಥಕ್ಕ ಬಂದದ!"

ಎಲ್ಲರೂ ಸಾವಕಾರರತ್ತ ತಿರುಗಿದರು. ಖಜಾಂಚಿ ಅಂಗೈ ಒರೆಸಿಕೊಂಡು ಎದ್ದು ನಿಂತ.

"ಅಧ್ಯಕ್ಷರು ಇವರೇ ಇರ್ಲಿ, ನಮ್ಮದೇನೂ ತಕರಾರಿಲ್ಲ. ಸಭಾ ಮಾತ್ರ ಪ್ರತಿ ತಿಂಗಳ ಇಲ್ಲೇ ಇಡ್ರಿ."