ನಾದಿನಿಯ ಅರ್ಧ ಸೀಟು

ನನ್ನ ನಾದಿನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಮುಲುಂಡಿನ ನಮ್ಮ ಬಿಲ್ಡಿಂಗ್ ಪೂರಾ ಹೇಳುತ್ತದೆ! ಮದುವೆಯಾಗದೆ ನಮ್ಮ ಜೊತೆಗೇ ಉಳಿದವಳು. ನೌಕರಿ ಮುಗಿದ ಮೇಲೆ ಉಳಿದವರು ಕಾಶಿಗೆ ಹೋಗುತ್ತಾರೆ, ಇವಳು ಹನ್ನೆರಡನೆಯ ಕ್ಲಾಸಿನ ಕೆಮಿಸ್ಟ್ರಿಗೆ ಹೋದಳು. ಹುಡುಗಿಯಾಗಿದ್ದಾಗ ಅದರಲ್ಲಿ ನಪಾಸಾಗಿದ್ದಳು.

“ಇದೇ ಕಡೀ ಸಲ, ವೈನಿ. ಈಗೂ ನಪಾಸಾದ್ರ ಪುಸ್ತಕ ಎಲ್ಲಾ ರದ್ದಿಯವಗ!” ಎಂದಳು ಅತ್ತಿಗೆಯಾದ ನನಗೆ.

ಪಾಠ ಕೇಳಲು ಮನೆಯಲ್ಲಿ ಯಾರಿದ್ದಾರೆ? ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನಾನು! ನಾದಿನಿ ತಾಟಿನ ನಡುವೆ ಬೇಸನ್ ಉಂಡಿ ಇಟ್ಟು ಸುತ್ತ ಶೇಂಗಾ ಜೋಡಿಸಿದಳು. ಒಳಸುತ್ತಿಗೆ ಎರಡು, ಮುಂದಿನದಕ್ಕೆ ಎಂಟು, ಆಚೆ ಒಂದೇ ಒಂದು. ಇದು ಸೋಡಿಯಂ ಅಂತೆ. ಅಷ್ಟರಲ್ಲಿ ನಮ್ಮ ಮನೆಯವರು ಬಂದು ಉಂಡಿ ಬಾಯಿಗೆ ಹಾಕಿಕೊಂಡರು.

“ಅಣ್ಣಾ, ನ್ಯೂಕ್ಲಿಯಸ್ ತಿಂದ್ಯಲ್ಲೋ!”

“ಸಕ್ಕರಿ ಕಡಿಮಿ ಆಗೇದ,” ಎಂದರು ಅವರು.

ಆಚೆಯ ಆ ಒಂದಕ್ಕೆ ವೇಲೆನ್ಸ್ ಎಲೆಕ್ಟ್ರಾನ್ ಎಂದು ಹೆಸರು. ಸಂಬಂಧ ಕೂಡಿಸುವುದೆಲ್ಲ ಅದೇ, ಒಳಗಿನ ಹತ್ತು ಸುಮ್ಮನೆ ಕೂತಿರುತ್ತವಂತೆ. ಇದೆಂಥ ಸಂಸಾರ? ನಡುಮನೆಯವರನ್ನು ಬಿಟ್ಟು ಬಾಗಿಲಲ್ಲಿ ನಿಂತವನು ಬೀಗತನ ಮಾಡುವುದೇ? ನನಗೆ ತಲೆ ತಿರುಗಿತು.

“ಲೋಕಲ್‌ನಾಗ ತೋರಸ್ತೀನಿ, ಬರ್ರಿ,” ಎಂದು ಮಧ್ಯಾಹ್ನ ಖಾಲಿ ಲೇಡೀಸ್ ಡಬ್ಬಿಗೆ ಹತ್ತಿಸಿದಳು. “ನೋಡ್ರಿ, ಮೊದಲ ಒಬ್ಬೊಬ್ಬರು ಒಂದೊಂದು ಬೆಂಚು ಹಿಡೀತಾರ. ಖಾಲಿ ಬೆಂಚು ಮುಗದ ಮ್ಯಾಲೆ ಜೋಡಿ. ಎಲೆಕ್ಟ್ರಾನೂ ಹಂಗs!” ಬೆರಳು ತೋರಿಸಿ ಹೆಂಗಸರನ್ನು ಎಣಿಸತೊಡಗಿದಳು. “ಅಗಂ, ಟೀಸಿ ಆಲೀ!” ಎಂದು ಯಾರೋ ಮರಾಠಿಯಲ್ಲಿ ಕೂಗಿದರು, ಟಿಕೆಟ್ ತಪಾಸಣೆಯವಳು ಬಂದಳೆಂದು. ಡಬ್ಬಿಯವರೆಲ್ಲ ಇವಳ ಮುಂದೆ ಪಾಸು ತೆಗೆದು ಹಿಡಿದರು!

ಪರೀಕ್ಷೆಯ ದಿನ ಜೊತೆಗೆ ಹೋದೆ. ಲೋಕಲ್‌ನಲ್ಲಿ ವಿಪರೀತ ಗರ್ದಿ. ಮೂವರ ಬೆಂಚಿನಲ್ಲಿ ನಾಲ್ಕನೆಯವಳಿಗೆ ಅರ್ಧ ಕುಂಡೆಯಷ್ಟು ಜಾಗ ಕೊಡುವುದು ಇಲ್ಲಿಯ ರೂಢಿ. ನಾನು ಮೂರನೆಯವಳು, ಅವಳು ಆ ಅರ್ಧ ಸೀಟಿನವಳು. ಪುಸ್ತಕ ಮುಚ್ಚಿ ನನ್ನ ಕಡೆ ತಿರುಗಿದಳು.

“ವೈನಿ, ಎಲ್ಲಾ ಮರತೆ. ಸೋಡಿಯಂ ಸುದ್ದಾ ಮರತೆ.”

“ಉಂಡಿ ನೆನಸ್ಕೋ. ಎರಡು, ಎಂಟು. ಆಮ್ಯಾಲೆ?”

“…ಒಂದು.”

“ಅದು ಎಲ್ಲಿ ಕೂತದ?”

ತಾನು ಕೂತ ಅಂಚನ್ನು ನೋಡಿಕೊಂಡು ನಕ್ಕಳು. “ಇಲ್ಲೇ!”

ಗಾಡಿಗೆ ಬ್ರೇಕ್ ಬಿತ್ತು, ಅವಳು ಜಾರಿದಳು. ಸೋಡಿಯಂ ತನ್ನ ಆಚೆಯ ಒಂದನ್ನು ಸಲೀಸಾಗಿ ಬಿಟ್ಟುಕೊಡುತ್ತದಂತೆ. ಹೇಗೆ ಮನಸ್ಸು ಬರುತ್ತದೋ, ನನಗೆ ಇವತ್ತಿಗೂ ತಿಳಿದಿಲ್ಲ. ನಾನು ಅವಳ ಸೊಂಟ ಬಳಸಿ ಹಿಡಿದೆ. ನಾವು ಇಳಿಯುವ ದಾದರ್ ಬರುವ ತನಕ ಬಿಡಲಿಲ್ಲ.