ಹಿಂದಿನ ಸೀಟಿನವರು

ದೆವ್ವ ಭೂತಗಳಲ್ಲಿ ನನಗೆ ನಂಬಿಕೆಯಿಲ್ಲ. ಆದರೂ ನಮ್ಮ ಮಹಡಿಯ ಬಾಡಿಗೆದಾರರು ಒಬ್ಬರೇ, ಇಬ್ಬರೇ ಎಂದು ಕೇಳಿದರೆ ಈಗಲೂ ತಡವರಿಸುತ್ತೇನೆ!

ಹಾಲೆಂಡಿನಿಂದ ಬಂದಿಳಿದವರು, ಅರವತ್ತು ದಾಟಿದವರು. ಕುಕ್ ಟೌನಿನ ನಮ್ಮ ಮನೆಗೆ ಅವರು ತಂದ ಪೆಟ್ಟಿಗೆ ಹೆಣ ಹಿಡಿಸುವಷ್ಟು ಉದ್ದವಿತ್ತು. ಬಿಚ್ಚಿದರೆ ಸೈಕಲ್, ಅದೂ ಇಬ್ಬರು ತುಳಿಯುವಂಥದ್ದು! ಅದರಲ್ಲೇ ಮದ್ರಾಸಿನ ಕಡಲಿಗೆ ಹೋಗುವವರಂತೆ. ಹಿಂದಿನ ಸೀಟು ಹೆಂಡತಿಗೆ. ಆಕೆ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಇಂಗ್ಲಿಷಿಗೂ ನಮ್ಮಮ್ಮನ ಕನ್ನಡಕ್ಕೂ ನಡುವೆ ದುಭಾಷಿ ನಾನು.

ಸೈಕಲ್ ರಿಪೇರಿಗೆಂದು ಅವರನ್ನು ಶಿವಾಜಿನಗರಕ್ಕೆ ಕರೆದೊಯ್ದೆ.

"ಹಿಂದಿನ್ ಸೀಟ್ ಬಿಚ್ಬಿಡ್ಲಾ ಸಾರ್? ತೂಕ ಕಮ್ಮಿಯಾಗುತ್ತೆ," ಎಂದ ಮೆಕ್ಯಾನಿಕ್.

ನಾನದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಇವರು ಸೀಟಿನ ಮೇಲೆ ಅಂಗೈಯಿಟ್ಟು, "ಮೆಲ್ಲಗೆ. ಅವಳಿಗೆ ಕೇಳಿಸುತ್ತೆ," ಎಂದರು.

ಮೆಕ್ಯಾನಿಕ್ ಚಕ್ರ ತಿರುಗಿಸಿ ನೋಡಿ ನನ್ನ ಕಿವಿಯಲ್ಲಿ, "ಗುರು, ಹಿಂದಿನ್ ಟೈರು ದಿನಾ ಇಬ್ರು ಕೂತಂಗೆ ಸವೆದೈತಲ್ಲ!" ಎಂದ.

ಬರುವಾಗ ಮುಂದಿನ ಸೀಟಿನಲ್ಲಿ ನನ್ನೊಬ್ಬನನ್ನೇ ಕೂರಿಸಿ ಒಂದು ಸುತ್ತು ತುಳಿಯಲು ಕೊಟ್ಟರು. ಹಲಸೂರು ಕೆರೆಯ ಬಳಿಯ ಏರಿನಲ್ಲಿ ಸುಸ್ತಾಗಿ ಕಾಲು ಸಡಿಲಬಿಟ್ಟೆ. ಪೆಡಲು ತಿರುಗುತ್ತಲೇ ಇತ್ತು, ಏರಿನಲ್ಲಿ! ಅಲ್ಲಿಂದ ತಳ್ಳಿಕೊಂಡೇ ಬಂದೆ. ಮತ್ತೆ ಹತ್ತಲು ಧೈರ್ಯವಿದ್ದರೆ ತಾನೆ?

ತಯಾರಿಯೆಲ್ಲ ಮುಗಿದರೂ ಪ್ರಯಾಣ ಮಾತ್ರ ಸಾಗಲಿಲ್ಲ. ಪ್ರತಿ ಸೋಮವಾರ ಮುಂಜಾನೆ ಚೀಲ ಬಿಗಿದು ಹೊರಡುವರು, ಕೆ.ಆರ್. ಪುರದ ತೂಗುಸೇತುವೆಯಿಂದ ವಾಪಸ್ಸು ಬರುವರು. ನಾನೋ ಬೆನ್ನ ಹಿಂದೆ ನಗುತ್ತಿದ್ದೆ. ವೀಸಾದಲ್ಲಿ ಹತ್ತೇ ದಿನ ಉಳಿದಾಗ ಗೇಟಿನ ಬಳಿಯೇ ಕುಸಿದು ಕೂತರು.

"ಆ ಸೇತುವೆ ಹತ್ರ ಅವಳು ತುಳಿಯೋದು ನಿಲ್ಲಿಸಿಬಿಡ್ತಾಳೆ. ಅವಳಿಲ್ಲದೆ ನಾನು ಹೋಗಲಾರೆ," ಎಂದು ಅತ್ತರು.

ಅಮ್ಮನಿಗೆ ಹೇಳಿದೆ. ಅವರು ತಲೆಯ ಮೇಲೆ ಕೈಹೊತ್ತರು. "ಅಯ್ಯೋ! ಮುತ್ತೈದೆ ಮನೆಗೆ ಬಂದು ಇಷ್ಟು ದಿನ ಆಯ್ತು, ಅರಿಶಿನ ಕುಂಕುಮ ಕೊಟ್ಟು ಕಳಿಸಿದ್ವಾ? ಬರಿಗೈಲಿ ಹೆಂಗೆ ಹೋಗ್ತಾಳೆ?"

"ಅಮ್ಮಾ, ಆಕೆ ಸತ್ತಿದಾರೆ!"

"ಗಂಡ ಇರುವಾಗ್ಲೇ ಹೋದೋಳು ಮುತ್ತೈದೇನೇ. ಬಾಯ್ಮುಚ್ಕೊಂಡು ತಟ್ಟೆ ತಾ."

ಹಿಂದಿನ ಸೀಟಿಗೆ ಅರಿಶಿನ ಕುಂಕುಮವಿಟ್ಟು, ಹಿಂದಿನ ಹ್ಯಾಂಡಲಿಗೆ ಮಲ್ಲಿಗೆ ಮುಡಿಸಿ, ರವಿಕೆ ಕಣ, ಹಸಿರು ಬಳೆ, ಎಲೆ ಅಡಿಕೆಯನ್ನು ಚೀಲಕ್ಕೆ ಹಾಕಿ ಅಮ್ಮ ಖಾಲಿ ಸೀಟಿಗೆ, "ಹೋಗ್ಬಾರಮ್ಮ," ಎಂದರು.

ಮಾರನೆಯ ಬೆಳಿಗ್ಗೆ ಹೊರಟವರ ಫೋನು ಹೊಸಕೋಟೆಯಿಂದ ಬಂತು. ಸೇತುವೆ ದಾಟಿದ್ದರು!

"ಅವಳು ತುಳೀತಿದಾಳಂತಾ ಕೇಳೋ," ಎಂದರು ಅಮ್ಮ.

ಇಷ್ಟು ದಿನ ನಕ್ಕಿದ್ದಕ್ಕೆ ನಾಚಿಕೆಪಡುತ್ತಲೇ ಕೇಳಿದೆ.

"ನನಗಿಂತ ಜೋರಾಗಿ," ಎಂದರು.

ಅಷ್ಟನ್ನೂ ಒಂದಕ್ಷರ ಬದಲಿಸದೆ ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ.