ಕಹಿ ಪರೀಕ್ಷಕರ ಮುಖದ ಕುರಿತು ಸೂಚನೆಗಳು

ಔಷಧ ತಯಾರಿಕಾ ವಿಭಾಗ, ಮಂಗಳೂರು
ಸಂಖ್ಯೆ: ಔ.ತ.ವಿ./ಕಹಿ/೧೭/೩೭
ದಿನಾಂಕ: ೧೨-೮-೧೯೩೭

ವಿಷಯ: ಚಳಿಜ್ವರದ ಕ್ವಿನೈನ್ ಮಿಕ್ಸ್ಚರನ್ನು ರುಚಿ ನೋಡಿ ಪಾಸು ಮಾಡುವ ಕ್ರಮ.
ಉಲ್ಲೇಖ: ಕಂಪೌಂಡರ್ ನೊರ್ಬರ್ಟ್ ಅವರ ಅಮಾನತು ಆದೇಶ, ದಿನಾಂಕ ೬-೮-೧೯೩೭ (ಅವಸರದಲ್ಲಿ ಹೊರಡಿಸಿದ್ದು).

೧. ಕಂಪೌಂಡರರು ಮಿಕ್ಸ್ಚರನ್ನು ಕಲಸಿ ಸೋಸಿದ ಮೇಲೆ ಜವಾನ ಮಾಯಿಲಪ್ಪ ಒಂದು ಚಮಚ ಕುಡಿಯುವುದು, ಅವರ ಮುಖ ಕಿವುಚಿದರೆ ಔಷಧವನ್ನು ಪಾಸು ಮಾಡುವುದು ಹನ್ನೊಂದು ವರ್ಷಗಳಿಂದ ನಡೆದುಬಂದ ಕ್ರಮ.

೨. ದಿನಾಂಕ ೬ರಂದು ಸದರಿ ಮುಖ ಅಲುಗಾಡಲಿಲ್ಲ. "ಬರೇ ನೀರಿನ ಹಾಗೆ ಉಂಟು" ಎಂದು ಹೇಳಿಕೆ ನೀಡಲಾಯಿತು. ಕ್ವಿನೈನ್ ಕದ್ದು ನೀರು ಬೆರೆಸಲಾಗಿದೆಯೆಂದು ಶಂಕಿಸಿ, ಇಪ್ಪತ್ತನಾಲ್ಕು ಬಾಟ್ಲಿಗಳಿಗೆ ಮೊಹರು ಹಾಕಿ, ಔಷಧದ ಕಪಾಟಿನ ಬೀಗದಕೈಯನ್ನು ಹಿಂಪಡೆದು, ನೊರ್ಬರ್ಟ್ ಅವರನ್ನು ಮನೆಗೆ ಕಳುಹಿಸಲಾಯಿತು. "ನಾನು ಎಂತ, ಶರಬತ್ತು ಮಾಡಿದ್ದೇನಾ ಸರ್?" ಎಂಬ ಅವರ ಉತ್ತರವನ್ನು ಉದ್ಧಟತನವೆಂದು ದಾಖಲಿಸಲಾಯಿತು.

೩. ಅಂದು ತುಳುವರ ಆಟಿ ತಿಂಗಳ ಅಮಾವಾಸ್ಯೆ. ಪದ್ಧತಿಯಂತೆ ಮಾಯಿಲಪ್ಪ ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಹಾಲೆಮರದ ಕೆತ್ತೆಯ (ತೊಗಟೆಯ) ಕಡುಕಹಿ ಕಷಾಯವನ್ನು ಒಂದು ಲೋಟ ಕುಡಿದು ಬಂದಿದ್ದರೆಂದು ವಿಚಾರಣೆಯಲ್ಲಿ ತಿಳಿದುಬಂದಿದೆ. "ಅದನ್ನು ಕುಡಿದ ಮೇಲೆ ಎಂತ ಕುಡಿದರೂ ಪಾಯಸವೇ ಮಾರಾಯ್ರೇ. ಮೊದಲು ಯಾರು ಕೇಳಿದ್ದು?" ಎಂದು ಅವರು ತಿಳಿಸಿರುತ್ತಾರೆ. ಯಾರೂ ಕೇಳಿರಲಿಲ್ಲ.

೪. ದಿನಾಂಕ ೯ರಂದು ವಾಮಂಜೂರಿನ ಚಳಿಜ್ವರದ ರೋಗಿ ದೇಯಿ ಎಂಬಾಕೆಗೆ ಮೊಹರು ಒಡೆದ ಬಾಟ್ಲಿಯಿಂದ ಒಂದು ಪಾಲು ಕೊಡಲಾಯಿತು. ಮನೆಗೆ ಮರಳುವ ದಾರಿಯಲ್ಲಿ ಆಕೆಯ ಮುಖ ನಂತೂರು ದಾಟುವವರೆಗೂ ನೇರವಾಗಲಿಲ್ಲವೆಂದು ಗಾಡಿಯವನ ಸಾಕ್ಷ್ಯವಿದೆ. ಆಕೆ ತುಳುವಿನಲ್ಲಿ ಆಡಿದ ಮಾತನ್ನು ಕಡತದಲ್ಲಿ ಸೇರಿಸಿಲ್ಲ. ಎರಡು ದಿನಗಳಿಂದ ಜ್ವರ ಬಂದಿಲ್ಲ.

೫. ಆದುದರಿಂದ ಈ ಮೂಲಕ ಸೂಚಿಸಲಾಗಿದೆ:

(ಅ) ಪರೀಕ್ಷಕರು ಬೆಳಗ್ಗೆ ತಿಂದದ್ದು, ಕುಡಿದದ್ದನ್ನು ಲಿಖಿತವಾಗಿ ತಿಳಿಸತಕ್ಕದ್ದು. ಹಿಂದಿನ ದಿನದ ಹಾಗಲಕಾಯಿಯೂ ಇದರಲ್ಲಿ ಸೇರುತ್ತದೆ.

(ಆ) ಆಟಿ ಅಮಾವಾಸ್ಯೆಯಂದು ನರ್ಸ್ ವೆರೋನಿಕಾ ರುಚಿ ನೋಡತಕ್ಕದ್ದು. ರೋಗಿಗಳಿಗಾಗಿ ಸದಾ ನಗುವ ಅವರ ಮುಖ ಸಾಕ್ಷ್ಯಕ್ಕೆ ಒದಗದ ಕಾರಣ, ಕಾಲಿನ ಹೆಬ್ಬೆರಳು ಮಡಚುವುದನ್ನು ಗಮನಿಸತಕ್ಕದ್ದು.

(ಇ) ಮುಲಾಮನ್ನು ರುಚಿ ನೋಡತಕ್ಕದ್ದಲ್ಲ. ಹಿಂದೆ ನೋಡಿದ್ದನ್ನು ಮನ್ನಿಸಲಾಗಿದೆ.

(ಈ) ಕಂಪೌಂಡರರ ಮೇಲೆ ಸಂಶಯಪಡುವ ಅಧಿಕಾರಿ ಮೊದಲು ತಾನೇ ಎರಡು ಚಮಚ ಕುಡಿಯತಕ್ಕದ್ದು. ಇದನ್ನು ಪೂರ್ವಾನ್ವಯವಾಗಿ ಜಾರಿಗೆ ತರಲಾಗಿದೆ.

೬. ನೊರ್ಬರ್ಟ್ ಅವರ ಅಮಾನತನ್ನು ರದ್ದುಪಡಿಸಲಾಗಿದೆ.

(ಸಹಿ)
ಮೇಲ್ವಿಚಾರಕರು
(ಸಹಿ ವಕ್ರವಾಗಿರುವುದಕ್ಕೆ ೫(ಈ) ಕಾರಣ)

ಪ್ರತಿಗಳು:
ಮಾಯಿಲಪ್ಪ ಅವರಿಗೆ: ಓದಿ ಹೇಳತಕ್ಕದ್ದು, ಊಟದ ನಂತರ.
ನರ್ಸ್ ವೆರೋನಿಕಾ ಅವರಿಗೆ: ಪರೀಕ್ಷೆಯ ದಿನ ಬೂಟು ಕಳಚಿ ಬರುವಂತೆ ಸೂಚಿಸಿ.
ದೇಯಿಯವರಿಗೆ: ಉಳಿದ ಬಾಟ್ಲಿಯೊಂದಿಗೆ.
ನೊರ್ಬರ್ಟ್ ಅವರಿಗೆ: ಕ್ಷಮೆ ಕೇಳುವ ನಮೂನೆ ಇಲಾಖೆಯಲ್ಲಿ ಅಚ್ಚಾಗಿಲ್ಲವಾದ್ದರಿಂದ, ಔಷಧದ ಕಪಾಟಿನ ಬೀಗದಕೈಯನ್ನು ಮೇಲ್ವಿಚಾರಕರು ತಾವೇ ಅವರ ಮನೆಗೆ ತಂದುಕೊಡುವರು.